ರಷ್ಯನ್ ಭಾಷೆಯಲ್ಲಿ ಪದವಿ ಮಾಡಬೇಕೆಂದಿದ್ದೀರಾ? ಅರ್ಜಿಗೂ ಮುಂಚಿನ ತಯಾರಿಯಿಂದ ಕೊನೇ ವರ್ಷದವರೆಗೆ

"ರಷ್ಯನ್ ಓದಬೇಕು ಅಂತ ಆಸೆ ಇದೆ, ಆದರೆ ಒಂದಕ್ಷರವೂ ಗೊತ್ತಿಲ್ಲ. ಪದವಿಗೆ ಸೇರಬಹುದಾ? ಸೇರಿದರೆ ಏನೇನು ಓದಬೇಕು? ರಷ್ಯಾಕ್ಕೇ ಹೋಗಬೇಕಾ?" ಓದುಗರು ಈ ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದೀರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಒಂದಕ್ಷರ ಬರದಿದ್ದರೂ ಸೇರಬಹುದು. ಬಹಳಷ್ಟು ವಿಶ್ವವಿದ್ಯಾಲಯಗಳು ಸೊನ್ನೆಯಿಂದಲೇ ಕಲಿಸುತ್ತವೆ. ಆದರೆ ಈ ಪದವಿಯಲ್ಲಿ ಎಲ್ಲವೂ ನಿಂತಿರುವುದು ಮೊದಲ ಎರಡು ವರ್ಷದ ಭಾಷಾ ಅಭ್ಯಾಸದ ಮೇಲೆ. ಅಲ್ಲಿ ವ್ಯಾಕರಣ ಕುಂಟಿದರೆ ಮುಂದೆ ಸಾಹಿತ್ಯ, ಇತಿಹಾಸ, ಅನುವಾದ ಎಲ್ಲವೂ ಕುಂಟುತ್ತವೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ರಷ್ಯನ್ ಕಲಿಸಲು ಸುಮಾರು 1100 ತರಗತಿ ಗಂಟೆ ಇಟ್ಟುಕೊಳ್ಳುತ್ತದೆ. ಫ್ರೆಂಚ್, ಸ್ಪ್ಯಾನಿಷ್‌ಗೆ ಅಷ್ಟು ಬೇಕಾಗುವುದಿಲ್ಲ. ಅದು ಇಂಗ್ಲಿಷ್ ಮಾತಾಡುವವರ ಲೆಕ್ಕ. ಆದರೂ ಎಷ್ಟು ಸಮಯ ಎತ್ತಿಡಬೇಕು ಎಂಬ ಅಂದಾಜು ನಿಮಗೂ ಸಿಗುತ್ತದೆ.

ಹಂತ 1: ಯಾವ ಪದವಿ ಅಂತ ಮೊದಲು ನೋಡಿ

"ರಷ್ಯನ್ ಪದವಿ" ಅಂತ ಒಂದೇ ಪದವಿ ಇಲ್ಲ. ಮುಖ್ಯವಾಗಿ ನಾಲ್ಕು ದಾರಿಗಳಿವೆ.

ಫಿಲಾಲಜಿ ಅಂದರೆ ಭಾಷೆ ಮತ್ತು ಸಾಹಿತ್ಯದ ಅಧ್ಯಯನ. ರಷ್ಯಾದ ವಿಶ್ವವಿದ್ಯಾಲಯಗಳಲ್ಲಿ ಇದರ ಪದವಿ ಸಂಕೇತ 45.03.01. ಲಿಂಗ್ವಿಸ್ಟಿಕ್ಸ್ ಎಂದಿದ್ದರೆ ಅಲ್ಲಿ ಅದು 45.03.02, ಇದರೊಳಗೆ ಅನುವಾದವೂ ಬರುತ್ತದೆ. ಮೂರನೆಯದು ಪ್ರದೇಶ ಅಧ್ಯಯನ: ಇತಿಹಾಸ, ರಾಜಕೀಯ, ಅರ್ಥವ್ಯವಸ್ಥೆ ಜಾಸ್ತಿ, ಭಾಷೆ ಸ್ವಲ್ಪ ಕಮ್ಮಿ. ನಾಲ್ಕನೆಯದು ವಿದೇಶಿಯರಿಗೆ ರಷ್ಯನ್ ಕಲಿಸುವ ತರಬೇತಿ. ಇದಕ್ಕೆ ರಷ್ಯನ್‌ನಲ್ಲಿ ಎರ್-ಕಾ-ಇ ಎಂಬ ಮೂರಕ್ಷರದ ಹೆಸರಿದೆ. ಕೋರ್ಸ್ ಪಟ್ಟಿಗಳಲ್ಲಿ ಇದನ್ನೇ ಕಾಣುತ್ತೀರಿ.

ಪದವಿಯ ಹೆಸರು ನೋಡಿ ಮರುಳಾಗಬೇಡಿ. "ರಷ್ಯನ್ ಭಾಷೆ ಮತ್ತು ಸಂಸ್ಕೃತಿ" ಎಂದು ಬರೆದಿದ್ದರೂ ಕೆಲವು ಕಡೆ ಸಾಹಿತ್ಯವನ್ನೆಲ್ಲ ಇಂಗ್ಲಿಷ್ ಅನುವಾದದಲ್ಲೇ ಓದಿಸುತ್ತಾರೆ. ಅಲ್ಲಿಂದ ಹೊರಬಂದವರಿಗೆ ರಷ್ಯಾದ ಬಗ್ಗೆ ಗೊತ್ತಿರುತ್ತದೆ, ರಷ್ಯನ್ ಬರುವುದಿಲ್ಲ. ಹಾಗಾಗಿ ವಿಭಾಗಕ್ಕೆ ಬರೆದು ಎರಡೇ ವಿಷಯ ಕೇಳಿ. ಮೊದಲ ವರ್ಷ ವಾರಕ್ಕೆ ಎಷ್ಟು ಗಂಟೆ ಭಾಷೆಯ ತರಗತಿ? ಮೂರನೇ ವರ್ಷ ಪಠ್ಯಗಳನ್ನು ಮೂಲದಲ್ಲಿ ಓದಿಸುತ್ತೀರಾ? ಎರಡನೇ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ ಅನ್ನುವುದೇ ನನ್ನ ಸಲಹೆ.

ಹಂತ 2: ತರಗತಿ ಶುರುವಾಗುವ ಮೊದಲೇ ಅಕ್ಷರ ಮುಗಿಸಿ

ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯಲ್ಲಿ 33 ಅಕ್ಷರಗಳಿವೆ. ಹತ್ತು ಸ್ವರ, 21 ವ್ಯಂಜನ. ಉಳಿದೆರಡು ತಾವಾಗಿ ಸದ್ದು ಮಾಡದ ಚಿಹ್ನೆಗಳು. ಕನ್ನಡದ ಒತ್ತಕ್ಷರ, ಕಾಗುಣಿತ ಕಲಿತವರಿಗೆ ಇದೇನೂ ದೊಡ್ಡದಲ್ಲ. ಎರಡು ವಾರ ಸಾಕು. ಗೊಂದಲ ಆಗುವುದು ಇಂಗ್ಲಿಷ್ ಅಕ್ಷರದಂತೆ ಕಂಡು ಬೇರೆ ಸದ್ದು ಕೊಡುವವುಗಳಲ್ಲಿ. ಇಂಗ್ಲಿಷ್‌ನ 'ಪಿ' ಹಾಗೆ ಕಾಣುವುದು ಇಲ್ಲಿ 'ರ', 'ಎಚ್' ಹಾಗೆ ಕಾಣುವುದು 'ನ', 'ಸಿ' ಹಾಗೆ ಕಾಣುವುದು 'ಸ', 'ಬಿ' ಹಾಗೆ ಕಾಣುವುದು 'ವ'. ಈ ನಾಲ್ಕನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಅಚ್ಚಿನ ಅಕ್ಷರ ಬಂತು ಅಂತ ಅಲ್ಲಿಗೇ ನಿಲ್ಲಬೇಡಿ. ರಷ್ಯನ್ನರು ಕೈಯಲ್ಲಿ ಬರೆಯುವುದು ಕೂಡಕ್ಷರದಲ್ಲಿ, ಅಂದರೆ ಅಕ್ಷರಗಳನ್ನು ಒಂದಕ್ಕೊಂದು ಜೋಡಿಸಿ, ಮೇಷ್ಟರು ಬೋರ್ಡಿನ ಮೇಲೆ ಬರೆಯುವುದೂ ಹಾಗೇ. ಕೂಡಕ್ಷರದಲ್ಲಿ 'ತ' ಇಂಗ್ಲಿಷ್‌ನ ಸಣ್ಣ 'ಎಂ' ಥರ, 'ದ' ಸಣ್ಣ 'ಜಿ' ಥರ, 'ಇ' ಸಣ್ಣ 'ಯು' ಥರ ಕಾಣುತ್ತದೆ. ಶ, ಇ, ಲ, ಮ ಸಾಲಾಗಿ ಬಂದರಂತೂ ಪುಟದ ಮೇಲೆ ಬರೀ ಕೊಕ್ಕೆಗಳ ಸಾಲು. ಅದಕ್ಕೇ ಕೆಲವರು 'ತ' ಮೇಲೊಂದು ಗೆರೆ, 'ಶ' ಕೆಳಗೊಂದು ಗೆರೆ ಎಳೆಯುತ್ತಾರೆ. ನೀವೂ ಈ ಅಭ್ಯಾಸ ಇಟ್ಟುಕೊಳ್ಳಿ, ಉತ್ತರಪತ್ರಿಕೆ ತಿದ್ದುವವರಿಗೆ ಅನುಕೂಲ. ಜೊತೆಗೆ ರಷ್ಯನ್ ಕೀಲಿಮಣೆಯನ್ನೂ ಈಗಲೇ ಕಲಿಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಸಿರಿಲಿಕ್‌ಗೆ ಬದಲಾಯಿಸುವ ಅಡ್ಡದಾರಿ ಹಿಡಿದರೆ ಕಾಗುಣಿತ ಯಾವತ್ತೂ ಕೈಗೆ ಹತ್ತುವುದಿಲ್ಲ.

ಹಂತ 3: ಮೊದಲ ಎರಡು ವರ್ಷ ವ್ಯಾಕರಣವೇ ದೇವರು

ಒಂದು ಸಂತೋಷದ ವಿಷಯ ಮೊದಲು ಹೇಳಿಬಿಡುತ್ತೇನೆ. ಇಂಗ್ಲಿಷ್ ಮಾತಾಡುವವರು ಒದ್ದಾಡುವ ಕೆಲವು ಕಡೆ ಕನ್ನಡಿಗರಿಗೆ ದಾರಿ ಸಲೀಸು. "ಅವನು ವಿದ್ಯಾರ್ಥಿ" ಅಂತ ನಾವು ಕ್ರಿಯಾಪದ ಇಲ್ಲದೆ ಹೇಳುತ್ತೇವಲ್ವಾ? ರಷ್ಯನ್‌ನಲ್ಲೂ ಹಾಗೇ: "ಓನ್ ಸ್ತುದ್ಯೆಂತ್", ಅಷ್ಟೇ. ನಮಗೆ "ನನಗೆ ಚಳಿ", "ನನಗೆ ಇಪ್ಪತ್ತು ವರ್ಷ". ಅವರಿಗೆ "ಮ್ನ್ಯೆ ಖೋಲದ್ನ", "ಮ್ನ್ಯೆ ದ್ವಾತ್ಸತ್ ಲ್ಯೆತ್". ಇಲ್ಲಿ 'ಮ್ನ್ಯೆ' ಅಂದರೆ 'ನನಗೆ'. ಎರಡೂ ಭಾಷೆಯಲ್ಲಿ ಚತುರ್ಥಿಯೇ. ನೀನು–ನೀವು ವ್ಯತ್ಯಾಸವೂ ಇದೆ, 'ತೀ' ಮತ್ತು 'ವೀ'. ಹಾಗಾಗಿ ಪಠ್ಯಪುಸ್ತಕದ ಇಂಗ್ಲಿಷ್ ವಿವರಣೆ ತಲೆಗೆ ಹೋಗದಿದ್ದರೆ ಅದನ್ನು ಬದಿಗಿಟ್ಟು ಕನ್ನಡ ವಾಕ್ಯದ ಪಕ್ಕ ರಷ್ಯನ್ ವಾಕ್ಯ ಇಟ್ಟು ನೋಡಿ. ಎಷ್ಟೋ ಸಲ ಅಲ್ಲೇ ಗಂಟು ಬಿಚ್ಚಿಕೊಳ್ಳುತ್ತದೆ.

ಇನ್ನು ಕಷ್ಟದ ಜಾಗಗಳು.

*ವಿಭಕ್ತಿ.* ರಷ್ಯನ್‌ನಲ್ಲಿ ಆರು ವಿಭಕ್ತಿ, ಮೂರು ಲಿಂಗ. ಕನ್ನಡದಲ್ಲಿ "ದೊಡ್ಡ ಮನೆ", "ದೊಡ್ಡ ಮನೆಯಲ್ಲಿ" ಎಂದಾಗ 'ದೊಡ್ಡ' ಬದಲಾಗುವುದಿಲ್ಲ. ರಷ್ಯನ್‌ನಲ್ಲಿ "ಬಲ್ಷೋಯ್ ದೋಮ್" ಹೋಗಿ "ವ್ ಬಲ್ಷೋಮ್ ದೋಮ್ಯೆ" ಆಗುತ್ತದೆ. ನಾಮಪದದ ಜೊತೆ ವಿಶೇಷಣವೂ ಬದಲಾಗಬೇಕು. ನಮಗೆ ವಸ್ತುಗಳೆಲ್ಲ ನಪುಂಸಕ. ಅವರಿಗೆ ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕ. ಪದದ ಕೊನೆ ನೋಡಿದರೆ ಬಹುಪಾಲು ಲಿಂಗ ತಿಳಿಯುತ್ತದೆ, ಅದೊಂದು ಸಮಾಧಾನ. ಇಲ್ಲಿ ಎಲ್ಲರೂ ಬೀಳುವ ಗುಂಡಿ ಎಂದರೆ ಕೋಷ್ಟಕವನ್ನು ಸುಮ್ನೆ ಉರುಹೊಡೆಯುವುದು. ಕೋಷ್ಟಕ ಬಂದರೂ ಮಾತಾಡುವಾಗ ಅದು ನಾಲಿಗೆಗೆ ಬರುವುದಿಲ್ಲ. ಪ್ರತಿ ವಿಭಕ್ತಿಗೂ ಹತ್ತು ಚಿಕ್ಕ ವಾಕ್ಯ ಬಾಯಿಪಾಠ ಮಾಡಿ, ಜೋರಾಗಿ ಹೇಳಿ.

*ಸಂಖ್ಯೆ.* ಒಂದು ವರ್ಷ "ಅದೀನ್ ಗೋತ್", ಎರಡು ವರ್ಷ "ದ್ವಾ ಗೋದ", ಐದು ವರ್ಷ "ಪ್ಯಾತ್ ಲ್ಯೆತ್". ಎರಡು, ಮೂರು, ನಾಲ್ಕಕ್ಕೆ ಒಂದು ರೂಪ, ಐದರಿಂದ ಇಪ್ಪತ್ತರವರೆಗೆ ಇನ್ನೊಂದು. ದುಡ್ಡು, ವಯಸ್ಸು, ಹೊತ್ತು ಎಲ್ಲದಕ್ಕೂ ಇದು ಬೇಕು. ಮೊದಲ ತಿಂಗಳಲ್ಲೇ ರೂಢಿ ಮಾಡಿಕೊಳ್ಳಿ.

*ಕ್ರಿಯಾಪದದ ಜೋಡಿ.* ಬಹುತೇಕ ಕ್ರಿಯಾಪದಗಳು ಜೋಡಿಯಾಗಿ ಬರುತ್ತವೆ. 'ಚಿತಾಲ್' ಎಂದರೆ ಓದುತ್ತಿದ್ದ, 'ಪ್ರಚಿತಾಲ್' ಎಂದರೆ ಓದಿ ಮುಗಿಸಿದ. ನಮ್ಮ 'ಓದಿದ', 'ಓದಿಬಿಟ್ಟ' ನಡುವಿನ ಅಂತರ ಸ್ವಲ್ಪ ಹತ್ತಿರ ಬರುತ್ತದೆ, ಪೂರ್ತಿ ಅದೇ ಅಲ್ಲ. ಹೊಸ ಕ್ರಿಯಾಪದ ಬರೆದುಕೊಳ್ಳುವಾಗ ಒಂಟಿಯಾಗಿ ಬರೆಯಲೇಬೇಡಿ. ಜೋಡಿಯಾಗಿ ಬರೆಯಿರಿ, ಎರಡಕ್ಕೂ ಒಂದೊಂದು ವಾಕ್ಯ ಹಾಕಿ.

*ಚಲನೆಯ ಕ್ರಿಯಾಪದ.* ನಾವು 'ಹೋಗು' ಒಂದರಲ್ಲೇ ಮುಗಿಸುವ ಕೆಲಸಕ್ಕೆ ಅವರಿಗೆ ಕನಿಷ್ಠ ನಾಲ್ಕು ಪದ ಬೇಕು. ನಡೆದು ಒಂದು ಕಡೆಗೆ ಹೋಗುತ್ತಿದ್ದರೆ 'ಇತ್ತೀ', ನಡೆದು ಹೋಗಿಬಂದು ಮಾಡಿದರೆ 'ಖದೀತ್', ವಾಹನದಲ್ಲಿ ಒಂದು ಕಡೆಗೆ 'ಯೇಖತ್', ವಾಹನದಲ್ಲಿ ಹೋಗಿಬಂದು ಮಾಡಿದರೆ 'ಯೇಝ್ದಿತ್'. ಇವಕ್ಕೆ ಮುಂದೆ ಉಪಸರ್ಗ ಸೇರಿಸಿದರೆ ಬರು, ಒಳಗೆ ಹೋಗು, ದಾಟು, ಹೊರಡು ಎಲ್ಲ ಹುಟ್ಟುತ್ತವೆ. ಎರಡನೇ ವರ್ಷ ಬಹಳ ಜನ ಸೋತು ಕೂರುವುದು ಇಲ್ಲೇ. ದಿನಾ ಸಂಜೆ ಆ ದಿನ ಎಲ್ಲೆಲ್ಲಿ ಹೋದಿರಿ, ಹೇಗೆ ಹೋದಿರಿ, ಯಾವಾಗ ಬಂದಿರಿ ಅಂತ ಐದು ವಾಕ್ಯ ಬರೆಯಿರಿ. ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

*ಉಚ್ಚಾರ.* ರಷ್ಯನ್ ಪದದಲ್ಲಿ ಯಾವುದಾದರೂ ಒಂದು ಸ್ವರದ ಮೇಲೆ ಒತ್ತು ಬೀಳುತ್ತದೆ. ಎಲ್ಲಿ ಬೀಳುತ್ತದೆ ಎಂದು ಸಾಮಾನ್ಯ ಪುಸ್ತಕಗಳಲ್ಲಿ ಗುರುತು ಹಾಕುವುದಿಲ್ಲ. 'ಜಾಮಕ್' ಎಂದರೆ ಕೋಟೆ, 'ಜಮೋಕ್' ಎಂದರೆ ಬೀಗ. ಬರೆದಾಗ ಎರಡೂ ಒಂದೇ. ಒತ್ತು ಇಲ್ಲದ 'ಒ' ಸದ್ದು 'ಅ' ಆಗುತ್ತದೆ. ಹಾಗಾಗಿ 'ಮೊಲೊಕೊ' ಎಂದು ಬರೆದ ಹಾಲನ್ನು 'ಮಲಕೋ' ಎನ್ನುತ್ತಾರೆ. ಹೊಸ ಪದ ಬರೆದುಕೊಂಡ ತಕ್ಷಣ ಒತ್ತಿನ ಗುರುತು ಹಾಕಿ. ಇನ್ನೊಂದು ತೊಡಕು ಮೆದು ವ್ಯಂಜನ, ಅಂದರೆ ನಾಲಿಗೆಯ ನಡುಭಾಗ ಅಂಗುಳಿನ ಕಡೆ ಏರಿಸಿ ನುಡಿಯುವ ವ್ಯಂಜನ. 'ಊಗಲ್' ಎಂಬಲ್ಲಿ ಕೊನೆಯ 'ಲ್' ಗಟ್ಟಿಯಾದರೆ ಮೂಲೆ, ಮೆದುವಾದರೆ ಕಲ್ಲಿದ್ದಲು. ನಮ್ಮ ಕಿವಿಗೆ ಮೊದಮೊದಲು ಎರಡೂ ಒಂದೇ ಥರ ಕೇಳುತ್ತವೆ. ನಿಮ್ಮ ಧ್ವನಿ ರೆಕಾರ್ಡ್ ಮಾಡಿ ಮೂಲ ಧ್ವನಿಯ ಜೊತೆ ಹೋಲಿಸಿ ನೋಡಿ. ತಪ್ಪು ಉಚ್ಚಾರ ಒಮ್ಮೆ ಕೂತುಬಿಟ್ಟರೆ ಬಿಡಿಸುವುದು ತುಂಬಾ ಕಷ್ಟ.

ಹಂತ 4: ಸಾಹಿತ್ಯ, ಇತಿಹಾಸ, ಸಂಸ್ಕೃತಿ

ಎರಡನೇ ವರ್ಷದ ಕೊನೆಗೆ ಮೂಲ ಪಠ್ಯ ಕೈಗೆ ಬರುತ್ತದೆ. ದಪ್ಪ ಕಾದಂಬರಿಗೆ ಕೈಹಾಕಬೇಡಿ. ಚೆಖಾವ್‌ನ ಸಣ್ಣ ಕಥೆಗಳಿಂದ ಶುರು ಮಾಡಿ. ವಾಕ್ಯಗಳು ಚಿಕ್ಕವು, ಒಂದು ಕೂತಿನಲ್ಲಿ ಮುಗಿಯುತ್ತವೆ.

ಹೊಸ ಓದುಗರನ್ನು ಕಂಗೆಡಿಸುವುದು ಹೆಸರುಗಳು. ಪ್ರತಿ ರಷ್ಯನ್ನರಿಗೂ ಸ್ವಂತ ಹೆಸರು, ತಂದೆಯ ಹೆಸರಿನಿಂದ ಬಂದ ಹೆಸರು, ಮನೆತನದ ಹೆಸರು ಎಂದು ಮೂರಿರುತ್ತವೆ. ಅದರ ಮೇಲೆ ಮುದ್ದಿನ ಹೆಸರು ಬೇರೆ. ಅಲೆಕ್ಸಾಂದರ್ ಸಾಶಾ ಆಗುತ್ತಾನೆ, ದ್ಮಿತ್ರಿ ದೀಮಾ ಅಥವಾ ಮೀತ್ಯಾ ಆಗುತ್ತಾನೆ. ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟು ಯಾರು ಯಾರು ಅಂತ ಬರೆದುಕೊಳ್ಳಿ. ತರಗತಿಯಲ್ಲೂ ಇದು ಮುಖ್ಯ. ರಷ್ಯನ್ ಅಧ್ಯಾಪಕರನ್ನು 'ಸರ್', 'ಮೇಡಂ' ಎನ್ನುವುದಿಲ್ಲ. ಆನ್ನಾ ಸೆರ್ಗೆಯೆವ್ನಾ ಎಂದು ಸ್ವಂತ ಹೆಸರು, ತಂದೆ ಹೆಸರು ಎರಡನ್ನೂ ಸೇರಿಸಿ ಕರೆಯುವುದೇ ಮರ್ಯಾದೆ.

ಇತಿಹಾಸದ ಪತ್ರಿಕೆಯಲ್ಲಿ ಒಂದು ಎಚ್ಚರಿಕೆ. 1918ರವರೆಗೆ ರಷ್ಯಾದಲ್ಲಿ ಹಳೇ ಜೂಲಿಯನ್ ಪಂಚಾಂಗ ಇತ್ತು. ಆ ವರ್ಷ ಜನವರಿ 31ರ ಮರುದಿನವೇ ಫೆಬ್ರವರಿ 14 ಬಂತು. ಅಕ್ಟೋಬರ್ ಕ್ರಾಂತಿಯ ನೆನಪಿನ ದಿನ ನವೆಂಬರ್ 7ಕ್ಕೆ ಬೀಳುವುದು ಇದರಿಂದಲೇ. ರಷ್ಯಾದ ಆರ್ಥೊಡಾಕ್ಸ್ ಚರ್ಚ್ ಹಳೇ ಪಂಚಾಂಗವನ್ನೇ ಉಳಿಸಿಕೊಂಡಿರುವುದರಿಂದ ಕ್ರಿಸ್‌ಮಸ್ ಜನವರಿ 7ಕ್ಕೆ. 1918ರ ಹಿಂದಿನ ಪತ್ರ, ದಿನಚರಿ ಉಲ್ಲೇಖಿಸುವಾಗ ಯಾವ ಪಂಚಾಂಗದ ದಿನಾಂಕ ಅಂತ ಬರೆಯಿರಿ. ಅದೇ 1918ರಲ್ಲಿ ಕಾಗುಣಿತವನ್ನೂ ಸರಳ ಮಾಡಿ ಕೆಲವು ಅಕ್ಷರಗಳನ್ನು ಕೈಬಿಟ್ಟರು. ಹಳೇ ಮುದ್ರಣ ತೆರೆದಾಗ ಗುರುತಿಲ್ಲದ ಅಕ್ಷರ ಕಂಡರೆ ಗಾಬರಿಯಾಗಬೇಡಿ.

ಸಂಸ್ಕೃತಿ ಎಂದರೆ ಬರೀ ಮಾಸ್ಕೊ, ಪೀಟರ್ಸ್‌ಬರ್ಗ್ ಅಂದುಕೊಳ್ಳಬೇಡಿ. ಕಜಾನ್‌ನಲ್ಲಿ ತಾತಾರರ ಮಸೀದಿಗಳಿವೆ, ಬುರ್ಯಾತಿಯಾ ಮತ್ತು ಕಲ್ಮೀಕಿಯಾದಲ್ಲಿ ಬೌದ್ಧರಿದ್ದಾರೆ. ರಷ್ಯನ್ ಮಾತಾಡುವವರೆಲ್ಲ ರಷ್ಯನ್ನರಲ್ಲ. ಉಕ್ರೇನ್, ಕಜಾಕ್‌ಸ್ತಾನ್, ಲಾಟ್ವಿಯಾಗಳಲ್ಲಿ ಈ ಭಾಷೆಯ ಜೊತೆ ನೋವಿನ ಇತಿಹಾಸವೂ ಇದೆ. 2022ರಿಂದ ನಡೆಯುತ್ತಿರುವ ಯುದ್ಧದ ಹೊತ್ತಲ್ಲಿ ಇದನ್ನು ಮರೆತು ಸಂಸ್ಕೃತಿ ಓದಲು ಆಗುವುದಿಲ್ಲ. ಒಂದೇ ಕಡೆಯ ಪುಸ್ತಕಗಳನ್ನು ನೆಚ್ಚಬೇಡಿ. ಅಲ್ಲಿನ ಲೇಖಕರನ್ನೂ ಓದಿ, ದೇಶ ಬಿಟ್ಟು ಹೋದವರನ್ನೂ ಓದಿ, ನೆರೆದೇಶಗಳ ಇತಿಹಾಸಕಾರರನ್ನೂ ಓದಿ.

ಹಂತ 5: ಮಟ್ಟದ ಪರೀಕ್ಷೆ ಬರೆಯಿರಿ

ನಿಮಗೆ ಎಷ್ಟು ರಷ್ಯನ್ ಬರುತ್ತದೆ ಎಂದು ತೋರಿಸುವ ಸರ್ಕಾರಿ ಪರೀಕ್ಷೆ ಟಾರ್ಫಲ್. ರಷ್ಯನ್‌ನಲ್ಲಿ ಟೆ-ಎರ್-ಕಾ-ಇ ಎನ್ನುತ್ತಾರೆ. ಆರು ಮಟ್ಟಗಳಿವೆ: ಆರಂಭಿಕ, ಮೂಲ, ಆಮೇಲೆ ಒಂದರಿಂದ ನಾಲ್ಕು. ಐದು ಭಾಗ: ಪದ–ವ್ಯಾಕರಣ, ಓದು, ಕೇಳುವಿಕೆ, ಬರಹ, ಮಾತು. ಆರಂಭಿಕ ಮಟ್ಟಕ್ಕೆ ಸುಮಾರು 780 ಪದ, ಮೂಲ ಮಟ್ಟಕ್ಕೆ 1300, ಒಂದನೇ ಮಟ್ಟಕ್ಕೆ 2300 ಗೊತ್ತಿರಬೇಕು. ರಷ್ಯಾದ ವಿಶ್ವವಿದ್ಯಾಲಯದಲ್ಲಿ ರಷ್ಯನ್ ಮಾಧ್ಯಮದ ಪದವಿ ಶುರು ಮಾಡಲು ಸಾಮಾನ್ಯವಾಗಿ ಒಂದನೇ ಮಟ್ಟ ಕೇಳುತ್ತಾರೆ. ಭಾಷೆಯನ್ನೇ ವೃತ್ತಿ ಮಾಡಿಕೊಳ್ಳುವವರು ಪದವಿ ಮುಗಿಯುವಷ್ಟರಲ್ಲಿ ಎರಡನೇ ಮಟ್ಟವನ್ನಾದರೂ ದಾಟಿರಬೇಕು.

ಬಹಳ ಜನ ಬೀಳುವುದು ಕೇಳುವಿಕೆಯಲ್ಲಿ. ಓದಿದರೆ ಅರ್ಥವಾಗುವ ವಾಕ್ಯ ಕೇಳಿದರೆ ಅರ್ಥವಾಗುವುದಿಲ್ಲ. ದಿನಾ ಅರ್ಧ ಗಂಟೆ ಕೇಳಿ, ಕೇಳಿದ್ದನ್ನು ಬರೆಯಿರಿ, ಆಮೇಲೆ ಮೂಲದ ಜೊತೆ ತಾಳೆ ನೋಡಿ.

ಹಂತ 6: ರಷ್ಯನ್ ಮಾತಾಡುವ ಊರಲ್ಲಿ ಕೆಲವು ತಿಂಗಳು

ಇದಕ್ಕೆ ಎರಡು ದಾರಿ. ಪೂರ್ತಿ ಪದವಿಯನ್ನೇ ರಷ್ಯಾದಲ್ಲಿ ಮಾಡುವುದು ಒಂದು. ಬೇರೆ ಕಡೆ ಓದುತ್ತಾ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಹೋಗಿಬರುವುದು ಇನ್ನೊಂದು.

ರಷ್ಯಾದಲ್ಲೇ ಓದುವುದಾದರೆ ಮೊದಲ ವರ್ಷ 'ಪದ್‌ಫಾಕ್'. ಇದು ವಿದೇಶಿ ವಿದ್ಯಾರ್ಥಿಗಳಿಗೆ ಭಾಷೆ ಕಲಿಸುವ ಪೂರ್ವಸಿದ್ಧತಾ ವಿಭಾಗ. ಆಮೇಲೆ ನಾಲ್ಕು ವರ್ಷ ಬ್ಯಾಚುಲರ್, ಬೇಕಿದ್ದರೆ ಎರಡು ವರ್ಷ ಮಾಸ್ಟರ್. ಮಾಸ್ಕೊದ ಪುಷ್ಕಿನ್ ರಷ್ಯನ್ ಭಾಷಾ ಸಂಸ್ಥೆ ವಿದೇಶಿಯರಿಗೆ ರಷ್ಯನ್ ಕಲಿಸಲೆಂದೇ 1966ರಲ್ಲಿ ಹುಟ್ಟಿದ್ದು. 1755ರಲ್ಲಿ ಶುರುವಾದ ಮಾಸ್ಕೊ ವಿಶ್ವವಿದ್ಯಾಲಯ, ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯ, ಏಷ್ಯಾ–ಆಫ್ರಿಕಾದ ವಿದ್ಯಾರ್ಥಿಗಳಿಗಾಗಿ 1960ರಲ್ಲಿ ಕಟ್ಟಿದ ಜನಮೈತ್ರಿ ವಿಶ್ವವಿದ್ಯಾಲಯ ಇವೆಲ್ಲ ದೊಡ್ಡ ಹೆಸರುಗಳು. ದೊಡ್ಡ ಹೆಸರಿಗೇ ಜೋತುಬೀಳಬೇಡಿ. ಚಿಕ್ಕ ಊರುಗಳಲ್ಲಿ ಖರ್ಚು ಕಮ್ಮಿ, ಇಂಗ್ಲಿಷ್ ಮಾತಾಡುವವರೂ ಕಮ್ಮಿ. ಭಾಷೆ ಕಲಿಯಲು ಬಂದವರಿಗೆ ಅದೇ ಲಾಭ.

ರಷ್ಯಾ ಸರ್ಕಾರದ ಕೋಟಾ ಎಂಬ ವ್ಯವಸ್ಥೆಯಲ್ಲಿ ವಿದೇಶಿಯರಿಗೆ ಉಚಿತ ಸೀಟುಗಳಿವೆ. 2023ರಿಂದ ಇದರ ಸಂಖ್ಯೆ ವರ್ಷಕ್ಕೆ 30,000. ರೊಸ್ಸೊತ್ರೂದ್ನಿಚೆಸ್ತ್ವೊ ಎಂಬ ಸರ್ಕಾರಿ ಸಂಸ್ಥೆ ಮತ್ತು ಬೇರೆ ದೇಶಗಳಲ್ಲಿರುವ ಅದರ 'ರಷ್ಯನ್ ಹೌಸ್'ಗಳು ಅರ್ಜಿ ನೋಡಿಕೊಳ್ಳುತ್ತವೆ. ಪದ್‌ಫಾಕ್ ಸೇರಿದಂತೆ ಬೋಧನಾ ಶುಲ್ಕ ಇಲ್ಲ. ಚಿಕ್ಕ ವಿದ್ಯಾರ್ಥಿವೇತನ, ಹಾಸ್ಟೆಲ್‌ನಲ್ಲಿ ಜಾಗ ಸಿಗುತ್ತದೆ. ಪ್ರಯಾಣ, ವಿಮೆ, ಊಟದ ಖರ್ಚು ನಿಮ್ಮದೇ. ಆ ವಿದ್ಯಾರ್ಥಿವೇತನದಲ್ಲೇ ಬದುಕಬಹುದು ಎಂದು ನಂಬಿ ಹೊರಡಬೇಡಿ. ತರಗತಿ ಶುರುವಾಗುವುದು ಸೆಪ್ಟೆಂಬರ್ 1ಕ್ಕೆ. ಅರ್ಜಿ ಮಾತ್ರ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಹಾಕಬೇಕು. ಇದು ಗೊತ್ತಿಲ್ಲದೆ ಒಂದು ವರ್ಷ ಕಳೆದುಕೊಳ್ಳುವವರು ಬಹಳ. ಏಜೆಂಟರು "ಕೋಟಾ ಸೀಟು ಕೊಡಿಸುತ್ತೇವೆ" ಅಂತ ದುಡ್ಡು ಕೇಳಿದರೆ ಕೊಡಬೇಡಿ. ಅರ್ಜಿ ನೀವೇ ಹಾಕಬಹುದು.

ದಾಖಲೆಗಳಲ್ಲಿ ನೋಡಬೇಕಾದ್ದು ಇಷ್ಟು. ಅಂಕಪಟ್ಟಿಗೆ ಅಪೋಸ್ಟಿಲ್ ಬೇಕಾಗಬಹುದು. ಒಂದು ದೇಶದ ದಾಖಲೆ ಅಸಲಿ ಎಂದು ಇನ್ನೊಂದು ದೇಶಕ್ಕೆ ಖಚಿತಪಡಿಸುವ ಮುದ್ರೆ ಅದು. ಆಮೇಲೆ ನೋಟರಿ ಮಾಡಿಸಿದ ರಷ್ಯನ್ ಅನುವಾದ, ಎಚ್‌ಐವಿ ಪರೀಕ್ಷೆ ಸೇರಿದ ಆರೋಗ್ಯ ಪ್ರಮಾಣಪತ್ರ, ವಿಶ್ವವಿದ್ಯಾಲಯದ ಆಹ್ವಾನ, ವಿದ್ಯಾರ್ಥಿ ವೀಸಾ.

ಅನುವಾದದಲ್ಲಿ ಒಂದು ಕಡೆ ಕಣ್ಣಿಡಿ: ನಿಮ್ಮ ಹೆಸರು. ರಷ್ಯನ್‌ನಲ್ಲಿ 'ಹ' ಸದ್ದಿಗೆ ಸರಿಯಾದ ಅಕ್ಷರ ಇಲ್ಲ. ಹರ್ಷ ಎಂಬುವರನ್ನು ಒಬ್ಬ ಅನುವಾದಕ 'ಖರ್ಶ' ಎಂದು ಬರೆಯುತ್ತಾರೆ, ಇನ್ನೊಬ್ಬರು 'ಗರ್ಶ' ಎಂದು ಬರೆಯುತ್ತಾರೆ. ವೀಸಾದಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಕಚೇರಿ ಕಣ್ಣಿಗೆ ನೀವು ಇಬ್ಬರು ಬೇರೆ ಬೇರೆ ಮನುಷ್ಯರು. ಮೊದಲ ಅನುವಾದದ ದಿನವೇ ಸಿರಿಲಿಕ್ ಕಾಗುಣಿತ ಒಂದನ್ನು ಗೊತ್ತುಮಾಡಿ, ಎಲ್ಲ ಕಡೆ ಅದನ್ನೇ ಬರೆಸಿ. ಡಿಪ್ಲೊಮಾದಲ್ಲೂ ಅದೇ ಬರುತ್ತದೆ.

ತಲುಪಿದ ಮೇಲೆ ಗಡಿಯಲ್ಲಿ ಕೊಡುವ ವಲಸೆ ಚೀಟಿಯನ್ನು ಜೋಪಾನವಾಗಿಡಿ. ವಾಸಸ್ಥಳದ ನೋಂದಣಿಗೆ ಕೆಲವೇ ದಿನಗಳ ಗಡುವು ಇರುತ್ತದೆ. ಬಂದ ದಿನವೇ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ಕಚೇರಿಗೆ ಹೋಗಿ. 2022ರ ಮಾರ್ಚ್‌ನಿಂದ ಹೊರದೇಶದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಮೊದಲ ವಾರಗಳಿಗೆ ನಗದು ಇಟ್ಟುಕೊಳ್ಳಿ, ಆಮೇಲೆ ಅಲ್ಲಿನ ಬ್ಯಾಂಕಿನಲ್ಲಿ 'ಮೀರ್' ಕಾರ್ಡ್ ಮಾಡಿಸಿ. ಹೊರಡುವ ಮೊದಲು ನಿಮ್ಮ ಸರ್ಕಾರದ ಪ್ರಯಾಣ ಸೂಚನೆಯನ್ನೂ ಓದಿ.

ಪರೀಕ್ಷೆಯ ರೀತಿಯೂ ಬೇರೆ. 'ಜಚ್ಯೋತ್' ಎಂದರೆ ಪಾಸ್ ಅಥವಾ ಫೇಲ್ ಮಾತ್ರ. 'ಎಕ್ಜಾಮೆನ್' ಇದ್ದರೆ ಅಂಕ 5ರಿಂದ 2ರವರೆಗೆ, 2 ಬಂದರೆ ಫೇಲ್. ಬಹಳ ಪರೀಕ್ಷೆಗಳು ಮೌಖಿಕ. ಮೇಜಿನ ಮೇಲೆ ಮಗುಚಿಟ್ಟ ಚೀಟಿಗಳಿರುತ್ತವೆ, ಅವಕ್ಕೆ 'ಬಿಲ್ಯೆತ್' ಎನ್ನುತ್ತಾರೆ. ಒಂದನ್ನು ಎತ್ತಿ, ಅದರಲ್ಲಿರುವ ಎರಡು ಮೂರು ಪ್ರಶ್ನೆಗೆ ಸ್ವಲ್ಪ ಹೊತ್ತು ಟಿಪ್ಪಣಿ ಮಾಡಿಕೊಂಡು, ಅಧ್ಯಾಪಕರ ಎದುರು ಕೂತು ಹೇಳಬೇಕು. ಪ್ರಶ್ನೆಗಳ ಪಟ್ಟಿಯನ್ನು ಸಾಮಾನ್ಯವಾಗಿ ಮೊದಲೇ ಕೊಡುತ್ತಾರೆ. ಪ್ರತಿಯೊಂದಕ್ಕೂ ಉತ್ತರ ಬರೆದಿಟ್ಟುಕೊಂಡರೆ ಸಾಲದು, ಗೆಳೆಯರ ಮುಂದೆ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ.

ರಷ್ಯಾಕ್ಕೆ ಹೋಗಲು ಇಷ್ಟವಿಲ್ಲ ಅಥವಾ ನಿಮ್ಮ ವಿಶ್ವವಿದ್ಯಾಲಯ ಕಳಿಸುವುದಿಲ್ಲ ಎಂದಾದರೂ ದಾರಿ ಮುಚ್ಚಿಲ್ಲ. ಕಿರ್ಗಿಸ್ತಾನ್‌ನಲ್ಲಿ ರಷ್ಯನ್ ಅಧಿಕೃತ ಭಾಷೆ. ಬಿಶ್ಕೆಕ್‌ನಲ್ಲಿ ಬಸ್ಸು, ಅಂಗಡಿ, ಕಚೇರಿ ಎಲ್ಲ ಕಡೆ ಕಿವಿಗೆ ಬೀಳುತ್ತದೆ. ಕಜಾಕ್‌ಸ್ತಾನ್‌ನ ಅಲ್ಮಾಟಿ, ಲಾಟ್ವಿಯಾದ ದೌಗವ್‌ಪಿಲ್ಸ್, ಎಸ್ಟೋನಿಯಾದ ನಾರ್ವಾದಲ್ಲೂ ರಷ್ಯನ್ ಧಾರಾಳವಾಗಿ ನಡೆಯುತ್ತದೆ. ಎಲ್ಲಿಗೇ ಹೋಗಿ, ನಿಮ್ಮ ಭಾಷೆಯವರ ಜೊತೆಗೇ ಕೋಣೆ ಮಾಡಬೇಡಿ. ಹೋದ ಉದ್ದೇಶವೇ ಹಾಳಾಗುತ್ತದೆ.

ಹಂತ 7: ಕೆಲಸದ ಯೋಚನೆ ಎರಡನೇ ವರ್ಷದಿಂದಲೇ

ರಷ್ಯನ್ ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವವರೂ ಅದನ್ನು ಕಲಿಯುತ್ತಾರೆ. ಕೆಲಸ ಇದೆ. ಆದರೆ ಬರೀ ಭಾಷೆ ಬಲ್ಲವರಿಗೆ ಸಿಗುತ್ತಿದ್ದ ಸುಲಭದ ಅನುವಾದಗಳನ್ನು ಈಗ ಯಂತ್ರವೇ ಮಾಡುತ್ತಿದೆ. ಕಾನೂನು, ಔಷಧ, ಇಂಧನ, ಸಾಫ್ಟ್‌ವೇರ್, ಲೆಕ್ಕಪತ್ರ ಇವುಗಳಲ್ಲಿ ಒಂದನ್ನಾದರೂ ಚೆನ್ನಾಗಿ ಕಲಿಯಿರಿ. ಆ ಕ್ಷೇತ್ರದ ರಷ್ಯನ್ ಪದಗಳ ಪಟ್ಟಿಯನ್ನು ನೀವೇ ಕಟ್ಟುತ್ತಾ ಹೋಗಿ. ಅಧ್ಯಾಪನ ಇಷ್ಟವಾದರೆ ಎರ್-ಕಾ-ಇ ಪತ್ರಿಕೆ ತೆಗೆದುಕೊಳ್ಳಿ. ಸಾಹಿತ್ಯ ಅನುವಾದಕ್ಕೆ ಮನಸ್ಸಿದ್ದರೆ ಇಂಗ್ಲಿಷ್ ನೋಡದೆ ರಷ್ಯನ್‌ನಿಂದ ನೇರ ಕನ್ನಡಕ್ಕೆ ತನ್ನಿ. ನನಗೆ ಇದರ ಬಗ್ಗೆ ತುಂಬಾ ಕಾಳಜಿ ಇದೆ. ಮೂಲದ ಸಂಬೋಧನೆ, ನೀನು–ನೀವು, ಮುದ್ದಿನ ಹೆಸರು ಎಲ್ಲ ಇಂಗ್ಲಿಷ್ ದಾಟಿ ಬರುವಾಗ ಕಳೆದುಹೋಗುತ್ತವೆ. ನೇರವಾಗಿ ತಂದರೆ ಉಳಿಯುತ್ತವೆ.

ಕೊನೇ ವರ್ಷದ ಪ್ರಬಂಧಕ್ಕೆ ವಿಷಯ ಚಿಕ್ಕದಿರಲಿ. "ಹತ್ತೊಂಬತ್ತನೇ ಶತಮಾನದ ಕಾದಂಬರಿಯಲ್ಲಿ ಮಹಿಳೆ" ಅಂತ ಹೊರಟರೆ ಮುಗಿಯುವುದಿಲ್ಲ. "ಒಬ್ಬ ಲೇಖಕನ ಐದು ಕಥೆಗಳಲ್ಲಿ ತೀ–ವೀ ಬಳಕೆ" ಎಂದರೆ ಮುಗಿಯುತ್ತದೆ, ಹೇಳಲು ಏನಾದರೂ ಸಿಗುತ್ತದೆ. ಉದಾಹರಣೆ ಹುಡುಕಲು 2004ರಿಂದ ಎಲ್ಲರಿಗೂ ತೆರೆದಿರುವ ರಷ್ಯನ್ ರಾಷ್ಟ್ರೀಯ ಕಾರ್ಪಸ್ ಬಳಸಿ. ಕಾರ್ಪಸ್ ಅಂದರೆ ಅಸಲಿ ಬರಹಗಳನ್ನು ಹುಡುಕಲು ಬರುವಂತೆ ಜೋಡಿಸಿಟ್ಟ ಸಂಗ್ರಹ. ಕಾಗುಣಿತ, ಒತ್ತಿನ ಅನುಮಾನಕ್ಕೆ ಗ್ರಾಮೊತಾ ತಾಣ ಇದೆ. ಎರಡೂ ಉಚಿತ. ಪ್ರಬಂಧದ ಮೊದಲ ಕರಡು ಚಳಿಗಾಲದ ಪರೀಕ್ಷೆಗೆ ಮುಂಚೆಯೇ ಮಾರ್ಗದರ್ಶಕರ ಕೈಯಲ್ಲಿರಲಿ. ಎರಡನೇ ಮಟ್ಟದ ಟಾರ್ಫಲ್‌ಗೂ ಅದೇ ಹೊತ್ತಿಗೆ ಹೆಸರು ಕೊಡಿ. ವಸಂತದಲ್ಲಿ ಎರಡೂ ಒಟ್ಟಿಗೆ ತಲೆ ಮೇಲೆ ಬಿದ್ದರೆ ಯಾವುದೂ ಸರಿಯಾಗಿ ಆಗುವುದಿಲ್ಲ.